ಎಣ್ಣೆ ಮೂಸುವ ಇಮಾಮ್ ಸಾಬರು

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಫಿಟ್ಟರ್ ಇಮಾಮ್ ಸಾಬರಿಗೆ ತಮ್ಮ ಮೂಗಿನ ಮೇಲೆ ಅಪಾರ ಗೌರವ. ಅಂಗೈಗೆ ಎರಡು ಹನಿ ಎಣ್ಣೆ ಬಿಟ್ಟು ಉಜ್ಜಿ, ಕಣ್ಣು ಮುಚ್ಚಿ ಮೂಸಿ, ಅಪ್ಪಟ ಶೇಂಗಾವೋ ಬೆರಕೆಯೋ ಎಂದು ತೀರ್ಪು ಕೊಡುವಾಗ ಮುಖಕ್ಕೆ ಹೈಕೋರ್ಟಿನ ಕಳೆ ಬರುತ್ತಿತ್ತು. ಮೂವತ್ತು ವರ್ಷದಲ್ಲಿ ಮಿಲ್ಲಿನ ಒಂದು ಹನಿಯನ್ನೂ ಮನೆಗೆ ಒಯ್ದವರಲ್ಲ. ಅದು ಅವರ ಇನ್ನೊಂದು ಹೆಮ್ಮೆ. ಮನೆಗೆ ಬೇಕಾದ ಎಣ್ಣೆಯನ್ನು ಹೆಂಡತಿ ಕುಬ್ರಾ ಅಂಗಡಿಯಿಂದ ತರುತ್ತಿದ್ದಳು.

ಈಗ ಆ ಮೂಗಿಗೆ ನೆಮ್ಮದಿ ಇಲ್ಲ.

"ಎಲ್ರೂ ಪಾಮಾಯಿಲ್‌ಗೆ ಬಿದ್ದವ್ರೆ ಸಾಬ್ರೆ. ತಿಂಗಳಿಗೆ ಹತ್ತು ಡಬ್ಬ ತಗೊಳ್ಳೋ ಗಿರಾಕಿ ಸಿಗದಿದ್ರೆ ಮಿಷನ್ ನಿಲ್ಲಿಸ್ತೀನಿ," ಎಂದಿದ್ದರು ಮಾಲೀಕ ಕಾಮಣ್ಣ. ಮಿಷನ್ ನಿಂತರೆ ಫಿಟ್ಟರಿಗೇನು ಕೆಲಸ? ಅದೇ ವಾರ ಫೋನಿನಲ್ಲಿ ಒಂದು ವಿಡಿಯೋ ಬಂತು: ದೂರದ ಬೋರ್ನಿಯೋದಲ್ಲಿ ಪಾಮಾಯಿಲ್ ಕೊಡುವ ತಾಳೆಯ ತೋಟಕ್ಕೆಂದು ಕಾಡು ಕಡಿದಿದ್ದಾರೆ, ಉಳಿದ ಒಂದೇ ಬೋಳು ಮರವನ್ನು ತಬ್ಬಿ ಕೂತಿದೆ ಒರಾಂಗುಟಾನ್, ಕೆಂಗೂದಲ ದೊಡ್ಡ ವಾನರ. ಸಾಬರಿಗೆ ಕೂತಲ್ಲಿ ಕೂರಲಾಗಲಿಲ್ಲ. ಅದರ ಸಂಕಟಕ್ಕೋ ತಮ್ಮ ಸಂಕಟಕ್ಕೋ ಎಂದು ಅವರೂ ಬಿಡಿಸಿ ನೋಡಲಿಲ್ಲ.

ಗಿರಾಕಿ ಹುಡುಕಿಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದರು. ಅಲ್ಲಿ ಎರ್ರಿಸ್ವಾಮಿಯ ಬಜ್ಜಿ ಅಂಗಡಿಯಲ್ಲಿ ವ್ಯಾಪಾರ ಜೋರು. ದಾರಿಯುದ್ದಕ್ಕೂ, ಕಾಮಣ್ಣ ಮಾದರಿಗೆಂದು ಕೊಟ್ಟ, ತೊಡೆಯ ಮೇಲಿನ ಶೇಂಗಾ ಎಣ್ಣೆ ಬಾಟಲಿಯ ಮುಚ್ಚಳ ತೆಗೆಯುವುದು, ಮೂಸುವುದು, ಮತ್ತೆ ಹಾಕುವುದು.

ವಾನರದ ಕತೆ ಕೇಳಿ ಎರ್ರಿಸ್ವಾಮಿ ನಕ್ಕ. "ಅದು ಉಳೀಬೇಕು, ಸರಿ. ನನ್ನ ಅಂಗಡಿನೂ ಉಳೀಬೇಕಲ್ಲ? ಪಾಮಾಯಿಲ್‌ನಾಗೆ ಕರಿದ್ರೆ ಯಾರಿಗೂ ಗೊತ್ತಾಗಲ್ಲ ಬಿಡ್ರಿ."

"ನನಗೆ ಗೊತ್ತಾಗ್ತೈತೆ."

"ಹಂಗಾದ್ರೆ ತಿಂದು ಹೇಳ್ರಿ. ಸರಿ ಹೇಳಿದ್ರೆ ಹತ್ತು ಡಬ್ಬ ನಂದು."

ಸಾಬರ ಬಾಟಲಿ ಒಂದು ಬಾಣಲೆಗೆ, ಅಂಗಡಿಯ ಎಣ್ಣೆ ಇನ್ನೊಂದಕ್ಕೆ. ಒಳಗಿನಿಂದ ಎರಡು ತಟ್ಟೆ ಬಂದವು. ಬಿಸಿ ಹಿಟ್ಟು, ಮೆಣಸಿನಕಾಯಿ ಖಾರ, ಓಮದ ಘಾಟು. ಮೂಗು ಮೊದಲ ಬಾರಿಗೆ ಕೈಕೊಟ್ಟಿತು. ನಾಲಿಗೆಯನ್ನು ನಂಬಿದರು. ಎರಡನೇ ತಟ್ಟೆಯದು ಥೇಟ್ ಮನೆಯ ಬಜ್ಜಿಯ ರುಚಿ.

"ಇದೇ ಅಪ್ಪಟ ಶೇಂಗಾ," ಎಂದರು ಗಂಭೀರವಾಗಿ.

"ಅದು ಪಾಮಾಯಿಲ್ ರೀ," ಎಂದ ಎರ್ರಿಸ್ವಾಮಿ, ಪಾಪ, ಮೆಲ್ಲಗೆ.

ಸಂಜೆ ಮನೆಗೆ ಬಂದು, ಅಡುಗೆಗೆ ಯಾವ ಎಣ್ಣೆ ಎಂದು ಕೇಳಿದರೆ ಕುಬ್ರಾ ಒಲೆಯಿಂದ ತಲೆಯನ್ನೂ ಎತ್ತಲಿಲ್ಲ. "ಏಳು ವರ್ಷದಿಂದ ಪಾಮಾಯಿಲೇ. ನೀವು ಯಾವತ್ತು ಕೇಳಿದ್ರಿ? ಬಾಯಿ ಚಪ್ಪರಿಸ್ಕೊಂಡು ತಿಂತಿದ್ರಿ."

ಸಾಬರು ಹೊರಗೆ ಹೋದರು, ಒಳಗೆ ಬಂದರು, ಫೋನು ತೆಗೆದರು. ಬೋಳು ಮರದ ಮೇಲಿನ ವಾನರ ನೇರ ಇವರನ್ನೇ ನೋಡುತ್ತಿತ್ತು.

ಮರುದಿನ ಫಿಟ್ಟರು ಖಾಲಿ ಕ್ಯಾನು ಹಿಡಿದು ಗಿರಾಕಿಗಳ ಸಾಲಿನಲ್ಲಿ ನಿಂತಿದ್ದನ್ನು ಕಾಮಣ್ಣ ಕಂಡರು.

"ಏನ್ ಸಾಬ್ರೆ, ಮೊಳಕಾಲ್ಮೂರಿನಾಗೆ ಗಿರಾಕಿ ಸಿಕ್ಕಿದ್ನಾ?"

"ಅಲ್ಲಿಲ್ಲ. ಚಳ್ಳಕೆರೇಲೇ ಒಬ್ಬ ಸಿಕ್ಕವ್ನೆ," ಎಂದರು ಸಾಬರು. "ಸದ್ಯಕ್ಕೆ ಎರಡು ಲೀಟರ್."