ಶಹಾಪುರದಲ್ಲಿ ನಿಂತ ಅಮೆರಿಕದ ಕಾರು

ನನ್ನ ಅಮೆರಿಕದ ಕಾರು ಶಹಾಪುರದ ಹತ್ತಿರ ಆವಿ ಕಾರುತ್ತ ನಿಂತಿತು. ಮತ್ತೆ ಅದೇ ನೀರಿನ ಪೈಪು, ಮೂರನೆಯ ಸಲ! ಊರಿನ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ ಕೂಗಾಡಿದೆ. ಮೆಕ್ಯಾನಿಕ್ ಖಾಸಿಂಸಾಬರು ಒಡೆದ ಪ್ಲಾಸ್ಟಿಕ್ ತುಂಡನ್ನು ನನ್ನ ಅಂಗೈಗಿಟ್ಟರು.

"ದುಬೈ ಗ್ಯಾರೇಜಿನ್ಯಾಗ ಹತ್ತು ವರ್ಷ ಇದ್ದೆ ನೋಡ್ರಿ. ಜಪಾನ್ ಕಂಪನಿಯವ್ರು ಬಂದು, ಏನ್ ಮುರೀತದ ಅಂತ ನಮ್ಮನ್ನ ಕೇಳಿ ಬರಕೊಂಡು ಹೋಗ್ತಿದ್ರು. ಮುಂದಿನ ಗಾಡ್ಯಾಗ ಆ ಸಾಮಾನೇ ಬದಲಾಗಿರ್ತಿತ್ತು. ಅಮೆರಿಕದವ್ರು ಒಂದ್ ದಿನಾನೂ ಕೇಳಲಿಲ್ರಿ."

"ಕೇಳದ ಕಂಪನಿಗೆ ಬೆಂಕಿ ಬೀಳಲಿ!" ಎಂದೆ.

"ನಿಮ್ಮನ್ನೂ ಕೇಳಿಲ್ಲೇನ್ರಿ?"

ಹಿಂದಿನ ಎರಡೂ ರಿಪೇರಿಯ ನಂತರ ಗಾಡಿ ಹೇಗಿದೆ, ಏನು ತೊಂದರೆ ಎಂದು ಕೇಳಲು ಕಂಪನಿಯಿಂದ ಫೋನು ಬಂದಿತ್ತು. ಪೂರ್ತಿ ಅಂಕ ಕೊಡಿ ಎಂದು ಕಂಪನಿಯ ಸರ್ವೀಸ್ ಸೆಂಟರಿನವರು ಮೊದಲೇ ಗೋಗರೆದಿದ್ದರು. ಒಡೆದ ಪೈಪಿನ ಸುದ್ದಿಯನ್ನೇ ಎತ್ತದೆ, ಎರಡು ಸಲವೂ ಹತ್ತಕ್ಕೆ ಹತ್ತು ಅಂಕ ಕೊಟ್ಟು ಫೋನಿಟ್ಟವನು ನಾನೇ.