ಬುಕ್ಕಾಂಬುಧಿಯಿಂದ ಒಂದು ಆರ್ಡರ್

ಅಜ್ಜಂಪುರದಲ್ಲಿ ಔಷಧಿ ಅಂಗಡಿ ಇಟ್ಟಿದ್ದ ನನ್ನ ಪರಿಚಯದವರೊಬ್ಬರಿಗೆ ಸದಾ ಒಂದೇ ಆತಂಕ: ಔಷಧಿ ರೋಗಿಗೆ ಮುಟ್ಟಿತೋ ಇಲ್ಲವೋ. ಹಳ್ಳಿಯವರು ಕಳಿಸಿದ ಖಾಲಿ ಮಾತ್ರೆ ಹಾಳೆಯನ್ನು ಬೆಳಕಿಗೆ ಹಿಡಿದು ಹೆಸರು ಓದಿ, ಔಷಧಿಯನ್ನು ಬಸ್ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಆಮೇಲೆ ಫೋನ್ ಮಾಡಿ, "ಮುಟ್ತೇನಪ್ಪಾ?" ಎನ್ನುತ್ತಿದ್ದರು.

ಹಳ್ಳಿಯವರ ಆರ್ಡರ್ ಪಡೆಯಲು ಆ್ಯಪ್ ಮಾಡಿಸುವುದೋ, ವೆಬ್‌ಸೈಟಿನ ಲಿಂಕ್ ಸಾಕೋ ಎಂದು ಒಮ್ಮೆ ನನ್ನನ್ನು ಕೇಳಿದರು. ಕಡೂರಿನ ಕಂಪ್ಯೂಟರಿನವರು ಎರಡರ ಮಾದರಿಯನ್ನೂ ಅವರ ಫೋನಿಗೆ ಹಾಕಿಕೊಟ್ಟಿದ್ದರು. ಪರೀಕ್ಷಿಸಲು ಇಬ್ಬರೂ ನನ್ನ ಬೈಕಿನಲ್ಲಿ ಬುಕ್ಕಾಂಬುಧಿ ಕಡೆ ಹೋದೆವು. ನೆಟ್‌ವರ್ಕ್ ಹೋದದ್ದು ಕೆರೆ ಏರಿಯ ಮೇಲೋ, ಅದಕ್ಕೂ ಮೊದಲೋ, ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ನೆಟ್‌ವರ್ಕ್ ಇಲ್ಲದಲ್ಲಿ ಬೈಕ್ ನಿಲ್ಲಿಸಿ, ಅವರೇ ಗಿರಾಕಿಯಂತೆ ಎರಡರಲ್ಲೂ ಇನ್ಸುಲಿನ್ ಆರ್ಡರ್ ಮಾಡಿದರು. ಲಿಂಕಿನ ಪುಟ ಬೆಳ್ಳಗೆ ನಿಂತುಬಿಟ್ಟಿತು. ಆ್ಯಪ್ ಹಸಿರು ಗುರುತು ತೋರಿಸಿತು.

"ಆ್ಯಪೇ ವಾಸಿ. ಆರ್ಡರ್ ಉಳಿಸ್ಕೊಂಡು, ನೆಟ್‌ವರ್ಕ್ ಬಂದಾಗ ಕಳಿಸುತ್ತೆ" ಎಂದೆ.

ಅವರು ಒಪ್ಪಲಿಲ್ಲ. "ಬಿಳೀ ಪುಟ ನೋಡ್ದೋನು ಹೆದ್ರಿ, ನೆಟ್‌ವರ್ಕ್ ಹುಡುಕ್ಕೊಂಡು ಹೋಗಿ ಫೋನ್ ಮಾಡ್ತಾನೆ ಕಣ್ರೀ. ಈ ಹಸಿರು ಗುರುತು ನೋಡ್ದೋನು ಆರ್ಡರ್ ಹೋಯ್ತು ಅಂತ ನೆಮ್ಮದಿಯಾಗಿ ಕೂತ್ಬಿಡ್ತಾನೆ."

"ಇನ್ನೂ ಹೋಗಿಲ್ಲ ಅಂತ ಕೆಳಗೆ ಬರೆಸಬಹುದು."

"ಹಸಿರು ಕಂಡ್ಮೇಲೆ ಬರೆದಿದ್ದನ್ನ ಯಾರು ಓದ್ತಾರೆ?"

ಹಿಂದಿರುಗುವಾಗ, ಅಜ್ಜಂಪುರ ಹತ್ತಿರವಾದಂತೆ, ಅವರ ಜೇಬಿನಲ್ಲಿ ಫೋನ್ ಸದ್ದು ಮಾಡಿತು. ಇನ್ಸುಲಿನ್ ಆರ್ಡರ್ ಆಗಷ್ಟೇ ಅಂಗಡಿಗೆ ಹೊರಟಿತ್ತು. ನನ್ನ ಭುಜ ಒತ್ತಿ ಬೈಕ್ ನಿಲ್ಲಿಸಿದರು.

"ಲಿಂಕೇ ಇರ್ಲಿ ಬಿಡಿ. ಇಷ್ಟೊತ್ತು ಆ ಪೇಷಂಟ್ ಏನ್ ಮಾಡ್ತಿದ್ನೋ" ಎಂದರು.

ಅಂಥ ಪೇಷಂಟ್ ಯಾರೂ ಇಲ್ಲವೆಂದು ಗೊತ್ತಿದ್ದೂ, ನಾನು ಬೈಕನ್ನು ಅಂಗಡಿಯ ಕಡೆ ಜೋರಾಗಿ ಓಡಿಸಿದೆ.