ಕೊಪ್ಪದ ಶಾಲೆಯಲ್ಲಿ ವಾಕ್ಯ ಕಲಿಸಿದ್ದು

ಕೊಪ್ಪದ ಪ್ರೈಮರಿ ಶಾಲೆಗೆ ಮೇಷ್ಟ್ರಾಗಿ ಹೋದಾಗ ನನಗೆ ಇಪ್ಪತ್ತೆರಡು. ಕಾಲು ಅಲ್ಲಿದ್ದರೂ ಮನಸ್ಸು ಮಂಡ್ಯದಲ್ಲಿತ್ತು. ವರ್ಗ ಮಾಡಿಸಿಕೊಳ್ಳಬೇಕು ಅನ್ನುವುದು ಬಿಟ್ಟರೆ ಬೇರೆ ಯೋಚನೆ ಇರಲಿಲ್ಲ. ಇನ್‌ಸ್ಪೆಕ್ಟರು ಮೆಚ್ಚಲಿ ಎಂದು ಮೂರು ತಿಂಗಳು ಮಕ್ಕಳಿಂದ ಬೋರ್ಡು ನೋಡಿ ಕಾಪಿ ಬರೆಸಿದೆ. ಅಕ್ಷರಗಳು ದುಂಡಗೆ ಬಂದವು.

ಇನ್‌ಸ್ಪೆಕ್ಟರು ಬಂದವರು ಕಾಪಿ ನೋಡಿ ತಲೆದೂಗಿದರು. ಆಮೇಲೆ ನಾಲ್ಕನೇ ಕ್ಲಾಸಿನವರಿಗೆ, "ಇವತ್ತು ಬೆಳಗ್ಗೆ ಏನು ಮಾಡಿದಿರಿ? ಎರಡು ವಾಕ್ಯ ಬರೆಯಿರಿ" ಎಂದರು. ಬಳಪ ಹಿಡಿದ ಕೈಗಳು ಅಲ್ಲಾಡಲಿಲ್ಲ. ಒಬ್ಬ ಬೋರ್ಡಿನ ಮೇಲಿದ್ದ ತಾರೀಖನ್ನೇ ಎರಡು ಸಲ ಬರೆದ.

"ಬರೆಯೋದು ಹೇಗೆ ಅಂತ ತೋರಿಸಿದೀರೋ, ಸುಮ್ಮನೆ ಬರೀರಿ ಅಂದಿದೀರೋ?" ಎಂದು ಇನ್‌ಸ್ಪೆಕ್ಟರು ಕೇಳಿದರು. ನನಗೂ ಯಾರೂ ತೋರಿಸಿರಲಿಲ್ಲ.

ಮಾರನೆಯ ದಿನ ಬೋರ್ಡಿನ ಮುಂದೆ ನಿಂತು, ಯೋಚಿಸುವುದನ್ನೆಲ್ಲ ಗಟ್ಟಿಯಾಗಿ ಹೇಳುತ್ತಾ ಬರೆದೆ. "ಯಾರು? ಎಮ್ಮೆ. ಏನು ಮಾಡಿತು? ಓಡಿತು. ಎಲ್ಲಿಗೆ? ಕೆರೆಗೆ. ಎಮ್ಮೆ ಕೆರೆಗೆ ಓಡಿತು. ಕೊನೆಗೊಂದು ಚುಕ್ಕಿ." ಮೊದಲು ನಾನೊಬ್ಬನೇ, ಆಮೇಲೆ ಎಲ್ಲರೂ ಸೇರಿ, ಆಮೇಲೆ ಒಬ್ಬೊಬ್ಬರೇ. ವಾರಗಟ್ಟಲೆ ಅದೇ. ನನಗೇ ಬೇಸರ ಬಂದು, ನಡುನಡುವೆ ಬಾಗಿಲಿಗೆ ಹೋಗಿ ಮಂಡ್ಯಕ್ಕೆ ಹೋಗುವ ಮದ್ದೂರಿನ ರಸ್ತೆ ನೋಡಿ ಬರುತ್ತಿದ್ದೆ. ಮಕ್ಕಳಿಗೆ ಮಾತ್ರ ಬೇಸರವಾಗಲಿಲ್ಲ.

ಎರಡು ವಾಕ್ಯ ಕೂಡಿಸಲು "ಆದ್ದರಿಂದ" ಕಲಿಸಿದ ದಿನ, ಯಾವತ್ತೂ ಬಾಯಿ ಬಿಡದ ಹುಡುಗಿಯೊಬ್ಬಳು ಸ್ಲೇಟು ತಂದು ತೋರಿಸಿದಳು. "ಅಪ್ಪ ಅವ್ವನನ್ನು ಹೊಡೆದನು. ಆದ್ದರಿಂದ ಅವ್ವ ಬೆಳಕವಾಡಿಗೆ ಹೋದಳು."

ಒಂದೂ ತಪ್ಪಿರಲಿಲ್ಲ. "ಸರಿಯಾಗಿದೆ" ಎಂದು ಕಳಿಸಿಬಿಟ್ಟೆ. ಅವಳು ಅದನ್ನು ಮನೆಗೆ ಒಯ್ದು ಅಜ್ಜಿಗೆ ಓದಿ ಹೇಳಿದಳಂತೆ. ಮರುದಿನ ಬೆಳಗ್ಗೆ ಅವಳಪ್ಪ ಮಗಳ ಕೈ ಹಿಡಿದುಕೊಂಡು, ಆ ಸ್ಲೇಟನ್ನೂ ಹಿಡಿದುಕೊಂಡು ಶಾಲೆಯ ಬಾಗಿಲಿಗೆ ಬಂದ.

"ಏನ್ ಮೇಷ್ಟ್ರೇ, ಮನೆ ಮಾತ ಬೀದಿಗಾಕೋದ ಕಲಿಸ್ತಿದ್ದೀರಾ?"

"ನಾನು ವಾಕ್ಯ ಕಲಿಸ್ತಿದ್ದೀನಿ" ಎಂದೆ. "ಏನು ಬರೀಬೇಕು ಅಂತ ಹೇಳಿಕೊಡಲಿಲ್ಲ."

"ನಂಗೆ ಓದಕ್ಕೆ ಬರಾಕಿಲ್ಲ. ಏನೈತೆ, ನೀವೇ ಓದಿ."

ಓದಿದೆ. ಅವನು ಮಗಳ ಕಡೆ ತಿರುಗಿ, "ಇದ್ರಲ್ಲಿ ನಾನೆಲ್ಲಿವ್ನಿ?" ಎಂದ. ಅವಳು "ಅಪ್ಪ" ಎಂಬ ಮಾತಿನ ಮೇಲೆ ಬೆರಳಿಟ್ಟಳು. ಅವನು ಬಹಳ ಹೊತ್ತು ಅದನ್ನೇ ನೋಡಿದ. ಹೊಡೆಯುತ್ತಾನೇನೋ ಎಂದು ನಾನು ಒಂದು ಹೆಜ್ಜೆ ಮುಂದೆ ಬಂದೆ. ಹೊಡೆಯಲಿಲ್ಲ. ಮಗಳನ್ನು ಕರೆದುಕೊಂಡು ಹೊರಟುಹೋದ.

ಅವಳು ನಾಲ್ಕು ದಿನ ಬರಲಿಲ್ಲ. ನನಗೆ ಊಟ ಸೇರಲಿಲ್ಲ. ಸಂಜೆ ಅವರ ಬೀದಿಯಲ್ಲಿ ಎರಡೆರಡು ಸಲ ಓಡಾಡಿದೆ. ಬಾಗಿಲು ತಟ್ಟುವ ಧೈರ್ಯವಾಗಲಿಲ್ಲ. ಮತ್ತೆ ಕಾಪಿಯನ್ನೇ ಬರೆಸಲೇ ಎಂದೂ ಯೋಚಿಸಿದೆ.

ಐದನೆಯ ದಿನ ಅವಳು ಬಂದು ತನ್ನ ಜಾಗದಲ್ಲಿ ಕೂತಳು. ಅಪ್ಪ ಅವ್ವನ ತವರು ಬೆಳಕವಾಡಿಗೆ ಹೋಗಿ ಅವ್ವನನ್ನು ಕರೆತಂದಿದ್ದನಂತೆ. ಸ್ಲೇಟಿನ ದೆಸೆಯಿಂದಲೋ, ಗದ್ದೆ ಕೆಲಸಕ್ಕೆ ಜನ ಬೇಕಾಗಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಪಾಠ ಶುರುವಾಗುವ ಮೊದಲೇ ಅವಳು ಎದ್ದು ನಿಂತಳು. "ಮೇಷ್ಟ್ರೇ, ಅವ್ವ ಬಂದ್ಳು. ಬಂದ್ರೂವೆ ಅಪ್ಪನ್ತಾವ ಮಾತಾಡಾಕಿಲ್ಲ. ಅದ ಯೆಂಗೆ ಬರೆಯೋದು?"

ಅಂದಿಗೆ ಗೊತ್ತುಮಾಡಿಕೊಂಡಿದ್ದ ಪಾಠ ಬಿಟ್ಟು, ಬೋರ್ಡು ಒರೆಸಿ, "ಆದರೂ" ಎಂದು ಬರೆದೆ.